ಕೂತಲ್ಲೇ ನೂರು ಮೀಟರ್

ರವಾನೆ ವಿಭಾಗದ ಗುಮಾಸ್ತರ ನೆಮ್ಮದಿ ಕೆಡಿಸಿದ್ದು ಒಂದು ರಟ್ಟಿನ ಪೆಟ್ಟಿಗೆ. ಅಟ್ಟದಿಂದ ಇಳಿಸಿದ ಆ ಪೆಟ್ಟಿಗೆಯಲ್ಲಿ ಟೀವಿಗೆ ಸಿಕ್ಕಿಸಿ ಆಡುವ ಹಳೇ ಕಂಪ್ಯೂಟರು, ಓಟ-ಜಿಗಿತದ ಆಟದ ಕ್ಯಾಸೆಟ್ಟು ಇದ್ದವು. ಮುಚ್ಚಳದ ಮೇಲೆ ಭಾಮೈದ ಯಾವತ್ತೋ ಗೀಚಿದ್ದ: 'ನೂರು ಮೀಟರ್, ಹತ್ತು ಸೆಕೆಂಡು. ಭಾವನ ಕೈಲಿ ಆಗೋದಲ್ಲ.'

ಮಾರನೇ ಬೆಳಿಗ್ಗೆ ಗುಮಾಸ್ತರು 'ಕಾಲು ಉಳುಕಿದೆ' ಎಂದು ಕಚೇರಿಗೆ ಫೋನು ಮಾಡಿ, ಬನಿಯನ್ನಿನಲ್ಲೇ ಟೀವಿ ಮುಂದೆ ಕೂತರು.

ಆಟವೇನೋ ಸುಲಭ. ಎರಡು ಗುಂಡಿಗಳನ್ನು ಒಂದಾದ ಮೇಲೊಂದು ಕುಟ್ಟುತ್ತಿದ್ದರೆ ಪರದೆಯ ಮೇಲಿನ ಕಡ್ಡಿಪೈಲ್ವಾನ ಓಡುತ್ತಾನೆ. ದಿನಕ್ಕೆ ಆರು ಲಕೋಟೆಗೆ ಮೊಹರು ಹಾಕಿ ಸುಸ್ತಾಗುವ ಕೈ ಇಲ್ಲಿ ಕಾದ ಬಾಣಲೆಗೆ ಬಿದ್ದ ಜೋಳದಂತೆ ಸಿಡಿಯಿತು.

"ರೀ, ಮೇಜು ಮುರಿಯತ್ತೆ!" ಎಂದಳು ಹೆಂಡತಿ.

"ಓಡೋವಾಗ ಮಾತಾಡಿಸ್ಬೇಡ ಕಣೇ!"

ಮೇಜಿನ ಕುಣಿತಕ್ಕೆ ಕೆಳಮನೆಯ ದರ್ಜಿಯ ತಲೆ ಮೇಲೆ ಸುಣ್ಣ ಉದುರತೊಡಗಿತು. ಆತ ಬಾಗಿಲಲ್ಲಿ ನಿಂತು ತಲೆ ಕೊಡವಿಕೊಳ್ಳುತ್ತಿದ್ದಾಗಲೇ ಕಚೇರಿಯ ಸಾಹೇಬರು ಬರಬೇಕೆ?

"ಕಾಲು ಉಳುಕಿರೋ ಗುಮಾಸ್ತರ ಮನೆ ಯಾವುದಪ್ಪಾ?"

"ಉಳುಕಿದ್ಯಾ! ಬೆಳಗ್ಗಿಂದ ಓಡ್ತಾನೇ ಇದಾರೆ ಸಾರ್. ನೂರು ಮೀಟರು ಹತ್ತೂವರೆ ಸೆಕೆಂಡು ಅಂತ ಈಗಷ್ಟೇ ಕೂಗಿದ್ರು."

ಸಾಹೇಬರು ಮೆಟ್ಟಿಲು ಹತ್ತಿದ ಸದ್ದಿಗೆ ಹೆಂಡತಿ ಗಂಡನ ಕಾಲಿಗೆ ಟವೆಲು ಸುತ್ತಿದಳು. ದರ್ಜಿಯೂ ತಮಾಷೆ ನೋಡಲು ಹಿಂದೆಯೇ ಬಂದ.

"ಯಾವ ಕಾಲ್ರೀ ಉಳುಕಿದ್ದು?"

"ಎಡ" ಎಂದರು ಗುಮಾಸ್ತರು. "ಬಲ" ಎಂದಳು ಹೆಂಡತಿ.

"ಎರಡೂ ಸಾರ್" ಎಂದು ಗುಮಾಸ್ತರು ತಿದ್ದಿಕೊಂಡರು.

"ನಾಳೆ ಮೆಮೋ ಕೊಡ್ತೀನಿ ನೋಡಿ!" ಎಂದು ಗುಡುಗಿದ ಸಾಹೇಬರ ಕಣ್ಣು ಟೀವಿ ಮೇಲೆ ಬಿತ್ತು. "ಇವನೇನಾ ಓಡಿದ್ದು? ಹತ್ತೂವರೆ ತಗೊಂಡ್ನಾ? ಥೂ, ಏಳ್ರೀ ಮೇಲೆ."

ಗುಮಾಸ್ತರ ಜಾಗದಲ್ಲಿ ಕೂತ ಸಾಹೇಬರು ಮತ್ತೆ ಏಳಲಿಲ್ಲ. ಕೈಗಡಿಯಾರ ಬಿಚ್ಚಿದರು, ಅಂಗಿ ತೋಳು ಮಡಿಸಿದರು. ಮೂರು ಲೋಟ ಟೀ ಖಾಲಿಯಾಯಿತು. ಕಚೇರಿಯಲ್ಲಿ ಒಂದು ರುಜು ಹಾಕಲು ವಾರ ತೆಗೆದುಕೊಳ್ಳುವ ಬೆರಳುಗಳು ಈಗ ಕಾಣಿಸುತ್ತಲೇ ಇರಲಿಲ್ಲ. "ಬಿಡ್ಬೇಡಿ ಸಾರ್, ಕುಟ್ಟಿ!" ಎಂದು ದರ್ಜಿ ತೊಡೆ ತಟ್ಟುತ್ತಿದ್ದ.

ನಾಲ್ಕು ಗಂಟೆಗೆ ಕಡ್ಡಿಪೈಲ್ವಾನ ಒಂಬತ್ತೂ ಮುಕ್ಕಾಲಿಗೆ ಗೆರೆ ದಾಟಿದ. ಆ ಕ್ಷಣವೇ ಸಾಹೇಬರ ಬಲ ಮಣಿಕಟ್ಟು 'ಕಳಕ್' ಎಂದು ಬನ್ನಿನಂತೆ ಊದಿಕೊಂಡಿತು.

ಗುಮಾಸ್ತರು ಮೆಲ್ಲಗೆ ಕೇಳಿದರು: "ಸಾರ್, ಆ ಮೆಮೋ..."

"ಯಾವ ಮೆಮೋ? ನನಗೇ ಒಂದು ತಿಂಗಳು ರಜೆ ಬೇಕು. ಅರ್ಜಿ ಬರ್ಕೊಳ್ರೀ."

ಗುಮಾಸ್ತರು ಹಾರಿ ಪೆನ್ನು ತಂದರು. ಸಾಹೇಬರು ಹೇಳುತ್ತ ಹೋದರು: "ಎರಡೂ ಕಾಲು ಉಳುಕಿದ ಗುಮಾಸ್ತರನ್ನು ಮಾನವೀಯತೆಯಿಂದ ಎತ್ತಿ ಮೆಟ್ಟಿಲು ಹತ್ತಿಸುವಾಗ ನನ್ನ ಕೈ ಉಳುಕಿರುತ್ತದೆ. ನಾನು ಬರುವವರೆಗೆ ನನ್ನ ಕಡತಗಳನ್ನೆಲ್ಲ ಸದರಿ ಗುಮಾಸ್ತರೇ ನೋಡಿಕೊಳ್ಳತಕ್ಕದ್ದು."

"ಸಾರ್, ನನ್ನ ಕಾಲು..."

"ಕಡತ ಕಾಲಲ್ಲಿ ನೋಡ್ತೀರೇನ್ರೀ?"

ಆಟದ ಪೆಟ್ಟಿಗೆ ಹೊತ್ತು ದರ್ಜಿ ಸಾಹೇಬರ ಜೊತೆ ಅವರ ಮನೆಗೆ ಹೊರಟ.

ಮರುದಿನ ಗುಮಾಸ್ತರು ಎಲ್ಲರೆದುರು ಎರಡೂ ಕಾಲು ಎಳೆಯುತ್ತ ಕಚೇರಿಯ ಮೂರನೇ ಮಹಡಿ ಹತ್ತಿದರು. ಮೇಜಿನ ಮೇಲೆ ಎರಡು ವರ್ಷದ ಕಡತ ಎದೆಮಟ್ಟ ನಿಂತಿತ್ತು. ಮೊದಲನೆಯದನ್ನು ಬಿಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಕೆಲಸ ಆಮೇಲೆ ಮಾಡೀರಂತೆ" ಎಂದರು ಸಾಹೇಬರು ಏದುಸಿರು ಬಿಡುತ್ತ, "ಉದ್ದ ಜಿಗಿತಕ್ಕೆ ಎಡಗೈಲಿ ಯಾವ ಗುಂಡಿ ಒತ್ಬೇಕು, ಬೇಗ ಹೇಳ್ರೀ!"