ಮುರಳೀ ಮೇಷ್ಟ್ರ ನಕ್ಷತ್ರಗುಚ್ಛ

ಹರಿವಾಣ ಬಸ್ಸಿನ ಸೀಟಿಗಿಂತ ಅಗಲವಾಗಿದ್ದುದೇ ಎಲ್ಲ ಪಜೀತಿಗೂ ಕಾರಣವಾಯಿತು.

ಹೊಳೆನರಸೀಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮುರಳೀಕೃಷ್ಣ ಅಂದು ಹಾಸನದ ವಿಜ್ಞಾನ ಮೇಳಕ್ಕೆ ಹೊರಟಿದ್ದರು. ಎಳೆಯ ನಕ್ಷತ್ರಗುಚ್ಛವೊಂದರ ಮಾದರಿ ಒಯ್ಯಬೇಕಿತ್ತು. ಗೆದ್ದ ಕಾಲೇಜಿಗೆ ಟೆಲಿಸ್ಕೋಪು. ಮಕ್ಕಳಿಗೆ ಶನಿಯ ಉಂಗುರವನ್ನು ಒಮ್ಮೆಯಾದರೂ ತೋರಿಸಬೇಕೆಂಬುದು ಅವರ ಬಹುಕಾಲದ ಆಸೆ. ಹೆಂಡತಿ ಶ್ರೀಗೌರಿ ಭಾರದ ನಕ್ಷತ್ರಗಳಿಗೆಂದು ರವೆ ಉಂಡೆ, ಹಗುರದವಕ್ಕೆ ಬೂಂದಿಕಾಳು ಮಾಡಿಕೊಟ್ಟಿದ್ದಳು. ಪುಸ್ತಕದಲ್ಲಿದ್ದಂತೆ ಹರಿವಾಣದ ನಡುವೆ ಉಂಡೆಗಳು, ಅಂಚಿಗೆ ಬೂಂದಿ.

"ಕೊಡಿ ಮೇಷ್ಟ್ರೇ, ನನ್ ತೊಡೆ ಮ್ಯಾಲಿಟ್ಕತೀನಿ" ಎಂದರು ಪಕ್ಕದ ಸೀಟಿನ ಪುಟ್ಟತಾಯಮ್ಮ.

ಯಾರಾದರೂ ಸಹಾಯಕ್ಕೆ ಬಂದರೆ ಮುರಳೀಕೃಷ್ಣರ ಕಣ್ಣು ತೇವವಾಗುತ್ತಿತ್ತು. ಬೇಡ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಕೊಟ್ಟರು.

ರಸ್ತೆಯಲ್ಲಿ ಹಂಪು ಬಂತು. ಹರಿವಾಣ ಹೋರಿಗರುವಿನಂತೆ ಎಗರಿತು. ನಕ್ಷತ್ರಗಳೆಲ್ಲ ಪುಟ್ಟತಾಯಮ್ಮನ ಮಡಿಲು ಸೇರಿದವು. ಸುತ್ತಲಿನವರೆಲ್ಲ ಆರಿಸಲು ಕೈಹಾಕಿದರು. ಮರಳಿ ಜೋಡಿಸುವ ಹೊಣೆಯನ್ನು ಮುಂದಿನ ಸೀಟಿನ ತೆಂಗಿನಕಾಯಿ ವ್ಯಾಪಾರಿ ಚನ್ನಬಸವಯ್ಯ ಹೊತ್ತರು.

"ದಪ್ಪವ್ನೆಲ್ಲಾ ಮಧ್ಯಕ್ಕೆ ಗುಡ್ಡೆ ಆಕುದ್ರೆ ಏನ್ ಚೆಂದ ಸಾ? ಎಲ್ಲಾ ಕಡೀಕೂ ಒಂದೊಂದು ಇರ್ಲಿ."

"ಊಂ ಕಣಪ್ಪ, ಈಗ ಲಕ್ಷಣವಾಗೈತೆ" ಎಂದರು ಪುಟ್ಟತಾಯಮ್ಮ.

"ನಿಮ್ಮ ಉಪಕಾರ ಮರೆಯಲ್ಲ" ಎಂದು ಮುರಳೀಕೃಷ್ಣ ಎಲ್ಲರಿಗೂ ಕೈಮುಗಿದರು. ಹಾಸನದಲ್ಲಿ ಇಳಿದದ್ದೇ, ಸಭಾಂಗಣದ ಬಾಗಿಲ ಹಿಂದೆ ಕೂತು ಉಂಡೆಗಳನ್ನೆಲ್ಲ ಒಂದೊಂದಾಗಿ ನಡುವಿಗೆ ಸೇರಿಸಿದರು. ಬೆವರು ಇಳಿಯಿತು, ಮನಸ್ಸು ಹಗುರಾಯಿತು.

ತೀರ್ಪಿಗೆ ಬಂದಿದ್ದ ಖಗೋಳ ವಿಜ್ಞಾನಿ ಚೂಡಾಮಣಿ ಹರಿವಾಣದ ಮುಂದೆ ತುಂಬ ಹೊತ್ತು ನಿಂತರು.

"ಅಚ್ಚುಕಟ್ಟಾಗಿದೆ. ಆದ್ರೆ ಇದು ಎಲ್ಲರೂ ತೋರಿಸೋದೇ. ಎಳೇ ಗುಚ್ಛಗಳೆಲ್ಲಾ ಹೀಗೇ ಇರಲ್ಲ ಸಾರ್. ಕೆಲವುಗಳಲ್ಲಿ ಭಾರದ ನಕ್ಷತ್ರಗಳು ನಡುವಿಗೆ ಬಂದು ಸೇರೋಕೆ ಇನ್ನೂ ಕಾಲವೇ ಆಗಿರಲ್ಲ, ಎಲ್ಲಾ ಕಡೆ ಚದುರಿರ್ತವೆ. ಚನ್ನರಾಯಪಟ್ಟಣದವರೊಬ್ಬರೇ ಅದನ್ನ ತೋರಿಸಿರೋದು."

ಟೆಲಿಸ್ಕೋಪು ಚನ್ನರಾಯಪಟ್ಟಣಕ್ಕೆ ಹೋಯಿತು. ಚಹಾ ಕುಡಿಯುವಾಗ ಮುರಳೀಕೃಷ್ಣ ಅಲ್ಲಿಯ ಉಪನ್ಯಾಸಕ ರಜನೀಶನ ಕೈಕುಲುಕಿ, "ಇಷ್ಟು ಆಳವಾಗಿ ಎಲ್ಲಿ ಓದಿದ್ರಿ?" ಎಂದು ಕೇಳಿದರು.

ರಜನೀಶ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಓದೋದೇನ್ ಬಂತು ಸಾ. ನಕ್ಷತ್ರಕ್ಕೇಂತ ತಂದಿದ್ದ ಗೋಲಿ ಡಬ್ಬ ಬಸ್‌ಸ್ಟ್ಯಾಂಡಲ್ಲಿ ಬಿದ್ದೋಯ್ತು. ಯಾರೋ ಪುಣ್ಯಾತ್ಮರು ಆರಿಸ್ಕೊಟ್ರು. ಸರಿಯಾಗಿ ಜೋಡ್ಸೋಕೆ ಟೈಮೇ ಸಿಗ್ಲಿಲ್ಲ."

ಮುರಳೀಕೃಷ್ಣ ಒಂದು ರವೆ ಉಂಡೆಯನ್ನು ಅವನ ಕೈಗಿಟ್ಟು, ತಾವೂ ಒಂದು ಬಾಯಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಉಪಚಾರಕ್ಕೆಂದು ಮುಗಿದಿದ್ದ ಕೈಯನ್ನು ಚನ್ನಬಸವಯ್ಯನವರಿಗೆ ಈಗ ಮನಸಾರೆ ಮುಗಿಯಬೇಕೆನಿಸಿತು.