ಹಾರ್ಡ್ ಡಿಸ್ಕಿಗೆ ಬಿಟ್ಟ ಮಗ್ಗದ ಎಣ್ಣೆ

ಯಂತ್ರವೆಂದರೆ ನನಗೆ ಹೊಸದೇನಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿದವನು. ನನ್ನ ತೊಟ್ಟಿಲು ಕಟ್ಟಿದ್ದೇ ಮಗ್ಗದ ಪಕ್ಕದಲ್ಲಿ. ಸದ್ದು ಕೇಳಿಯೇ ಮಗ್ಗದ ಯಾವ ಭಾಗ ಸವೆದಿದೆ ಎಂದು ಹೇಳಬಲ್ಲೆ. ಆದ್ದರಿಂದ ಸೀರೆ ಅಂಚಿನ ಚಿತ್ತಾರ ಬರೆಯಲೆಂದು ಮೈಸೂರಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದಾಗ, ಇದೂ ಒಂದು ಮಗ್ಗವೇ, ಕಾಲಿಗೆ ಕೆಲಸವಿಲ್ಲ ಅಷ್ಟೆ, ಎಂದುಕೊಂಡೆ. ಇಡೀ ಬೀದಿಗೆ ಅದೊಂದೇ ಕಂಪ್ಯೂಟರು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ಆ ವಿದ್ಯೆಗೆ ನಾನೇ ಪಂಡಿತ.

ಯಳಂದೂರಿನಲ್ಲಿ ನನ್ನ ಸೋದರತ್ತೆ ಕೆಂಪತ್ತೆ ಇದ್ದಳು. ಅವಳು ಸೋಬಾನೆ ಪದ ಹೇಳದೆ ಅವಳ ಬೀದಿಯ ಯಾವ ಹೆಣ್ಣುಮಗಳಿಗೂ ಅರಿಶಿನದ ಶಾಸ್ತ್ರ ಆದದ್ದಿಲ್ಲ. ಯಾರಾದರೂ ಹೊಗಳಿದರೆ, "ಇವೆಲ್ಲಾ ಬರೀ ಅಭ್ಯಾಸ ಕಣ್ಲಾ. ನನ್ ಮೊಮ್ಮಗಳ ಮದ್ವೇಲಿ ಕೇಳು ನನ್ ಪದವ" ಎನ್ನುತ್ತಿದ್ದಳು.

ಒಂದು ಸಲ ಹಬ್ಬಕ್ಕೆಂದು ನಮ್ಮ ಮನೆಗೆ ಬಂದವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಮೈಕು ಹಿಡಿದು, ಅವಳ ಪದಗಳನ್ನೆಲ್ಲ ತುಂಬಿಸಿಕೊಂಡೆ. ಮುಂದಿನ ಪೀಳಿಗೆಗೆ ಇರಲಿ ಎಂದು ಪ್ರತಿ ಪದಕ್ಕೂ ಮೊದಲು ನಾನೇ ನಾಲ್ಕು ಮಾತು ಆಡಿದೆ. ಪಂಡಿತನಲ್ಲವೇ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಕೆಂಪತ್ತೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕಣ್ಣು ಮಾತ್ರ ಮೊದಲಿನ ಹಾಗೆಯೇ ಎಲ್ಲರನ್ನೂ ಬೈಯುತ್ತಿತ್ತು. ಅದೇ ಬೇಸಿಗೆಯಲ್ಲಿ ಮೊಮ್ಮಗಳು ಗೌರಿಯ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಕೊಡಲು ಬಂದ ಕೆಂಪತ್ತೆಯ ಮಗ, ನನ್ನ ಭಾವ, ಕಾಫಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕುಳಿತಿದ್ದ.

"ಲೇ, ನಿನ್ ಪೆಟ್ಗೇಲಿ ಅವ್ವನ ಪದ ಅವಲ್ಲ, ಅವನ್ನೇ ಅರಿಸಿಣದ ದಿನ ಆಕ್ಬುಡವಾ. ಅವ್ವ ಅಲ್ಲೇ ಕೂತ್ಕಂಡು ಕೇಳ್ಲಿ. ಅವಳ್ದು ಅದೊಂದೇ ಆಸೆ ಇತ್ತು."

"ಅದ್ಕೇನ್ ಭಾವ, ಎಲ್ಲಾನೂ ಎಲ್ಡೆಲ್ಡು ಕಾಪಿ ಮಡಗಿವ್ನಿ" ಎಂದೆ.

ಸುಳ್ಳಲ್ಲ. ಎರಡನೆಯ ಕಾಪಿಯೂ ಅದೇ ಕಂಪ್ಯೂಟರಿನಲ್ಲಿತ್ತು. ಪೆಟ್ಟಿಗೆಯ ಬೀಗದ ಕೈ ಕಳೆದುಹೋದೀತೆಂದು ಇನ್ನೊಂದು ಕೈಯನ್ನು ಪೆಟ್ಟಿಗೆಯೊಳಗೇ ಹಾಕಿ ಬೀಗ ಜಡಿದವನ ಜಾಣತನ ನನ್ನದು.

ಮದುವೆ ಹತ್ತಿರವಾಗುತ್ತಿದ್ದಂತೆ ಕಂಪ್ಯೂಟರು ಟಕ್ ಟಕ್ ಎನ್ನತೊಡಗಿತು. ಕಿವಿಗೊಟ್ಟು ಕೇಳಿದೆ. ಒಣಗಿದ ಕಬ್ಬಿಣದ ಸದ್ದು. ಇದರಲ್ಲಿ ಅನುಮಾನವೇ ಇಲ್ಲ. ಪೆಟ್ಟಿಗೆ ಬಿಚ್ಚಿದರೆ ಸದ್ದು ಬರುತ್ತಿದ್ದದ್ದು ಹಾರ್ಡ್ ಡಿಸ್ಕ್ ಎಂಬ ಒಂದು ಚಪ್ಪಟೆ ಡಬ್ಬಿಯಿಂದ. ಅದರ ಬೆನ್ನ ಮೇಲೆ ಒಂದು ಸಣ್ಣ ತೂತು. ಅದು ಗಾಳಿಯಾಡುವ ತೂತೆಂದು ಆಮೇಲೆ ಗೊತ್ತಾಯಿತು. ನೇಕಾರನ ಕಣ್ಣಿಗೆ ತೂತು ಕಂಡರೆ ಅದು ಎಣ್ಣೆಯ ತೂತೇ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬರೆದಿತ್ತು. ಎಣ್ಣೆ ಜಾಸ್ತಿ ಬಿಡಬಾರದು ಎಂದಿರಬೇಕೆಂದು ಊಹಿಸಿ ಎರಡೇ ಹನಿ ಬಿಟ್ಟೆ.

ಟಕ್ ಟಕ್ ನಿಂತಿತು. ಅದರ ಜೊತೆಗೆ ಎಲ್ಲವೂ ನಿಂತಿತು.

"ಯಾಕ್ರೀ ಬೆವರ್ತಿದ್ದೀರಿ?" ಎಂದು ನನ್ನ ಹೆಂಡತಿ ರತ್ನ ಇಣುಕಿದಳು. ನನ್ನ ಕೈಯಲ್ಲಿದ್ದ ಎಣ್ಣೆ ಕುಡಿಕೆ ನೋಡಿದಳು, ಡಿಸ್ಕು ನೋಡಿದಳು. "ಅದ್ಕೂ ಬಿಟ್ರಾ? ಓದ್ ವರ್ಸ ಟೇಪ್ ರೆಕಾರ್ಡರ್‌ಗೆ ಬಿಟ್ಟಿದ್ದು ಸಾಲ್ನಿಲ್ವಾ?"

ಪಕ್ಕದ ಮನೆಯ ಗುರುಸಿದ್ದಣ್ಣನ ಸಲಹೆ ಕೇಳಿದೆ. ಅವನಿಗೆ ಕಂಪ್ಯೂಟರಿನ ಬಗ್ಗೆ ನನ್ನಷ್ಟೇ ಗೊತ್ತಿತ್ತು. "ಬೋರಲು ಆಕಿ ಬಿಸ್ಲಿಗೆ ಮಡಗು. ಎಣ್ಣೆ ಅದ್ರ ಪಾಡ್ಗೆ ಅದು ಇಳ್ಕತದೆ" ಎಂದ. ರತ್ನ ಮದುವೆಗೆಂದು ಹಾಕಿದ್ದ ಸಂಡಿಗೆಯ ಪಕ್ಕದಲ್ಲೇ ಹಾರ್ಡ್ ಡಿಸ್ಕನ್ನೂ ಒಣಹಾಕಿದೆ. ಸಂಡಿಗೆ ಚೆನ್ನಾಗಿ ಒಣಗಿತು.

ಕೊನೆಗೆ ಬಸ್ ನಿಲ್ದಾಣದ ಹತ್ತಿರವಿದ್ದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಡಿಸ್ಕನ್ನು ಮೂಗಿನ ಹತ್ತಿರ ಹಿಡಿದು, "ಇದೇನ್ ಸಾ, ಬಾಣ್ಲಿಯಿಂದ ಎತ್ಕಂಡ್ ಬಂದ್ರಾ?" ಎಂದ. ನಡೆದದ್ದನ್ನು ಹೇಳಿದೆ. ಪುಣ್ಯಾತ್ಮ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅರಿಶಿನದ ದಿನ ಬೆಳಿಗ್ಗೆ ಅವನು ಒಂದು ಸಿಡಿ ಕೈಗಿಟ್ಟ. "ಒಂದೇ ಫೈಲ್ ಸಿಕ್ತು ಸಾ. ಅದೂ..." ಅವನು ಒಂದಿಷ್ಟು ಹಾಕಿ ತೋರಿಸಿದ. ನನ್ನದೇ ದನಿ ಸ್ಪಷ್ಟವಾಗಿ "ನಮಸ್ಕಾರ" ಎಂದಿತು. ಅಷ್ಟು ಸಾಕಾಯಿತು. ಅವನು ಮಾತು ಮುಗಿಸುವ ಮೊದಲೇ ನಾನು ಯಳಂದೂರಿನ ಬಸ್ಸಿನಲ್ಲಿದ್ದೆ.

ಚಪ್ಪರದ ಕೆಳಗೆ ಗೌರಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಪಕ್ಕದ ಕುರ್ಚಿಯಲ್ಲಿ ಕೆಂಪತ್ತೆ, ಹೊಸ ಸೀರೆ, ಬಲಗೈಯನ್ನು ಯಾರೋ ಮಡಿಲಲ್ಲಿ ನೇರವಾಗಿ ಇಟ್ಟಿದ್ದರು. ಹೆಂಗಸರು ಅರಿಶಿನದ ಬಟ್ಟಲು ಹಿಡಿದು ಕಾದಿದ್ದರು. ನಾನು ಗತ್ತಿನಿಂದ ಮೈಕ್ ಸೆಟ್ಟಿನವನಿಗೆ ಸಿಡಿ ಕೊಟ್ಟೆ.

"ನಮಸ್ಕಾರ. ಸೋಬಾನೆ ಎಂಬುದು ನಮ್ಮ ಹಿರಿಯರು ಬಿಟ್ಟುಹೋದ ಅಮೂಲ್ಯ ಸಂಪತ್ತು..." ನನ್ನ ದನಿ ಬೀದಿಯ ಎರಡೂ ತುದಿಗೆ ಮೊಳಗಿತು. ಸಂಪತ್ತಿನಿಂದ ಸಂಸ್ಕೃತಿಗೆ ಬಂತು. ಸಂಸ್ಕೃತಿಯಿಂದ ನನ್ನ ಕಂಪ್ಯೂಟರಿಗೆ ಬಂತು. ಹೆಂಗಸರು ಬಟ್ಟಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಇನ್ನೆಷ್ಟೊತ್ಲಾ?" ಎಂದ ಭಾವ.

"ಬತ್ತದೆ ತಡಿ ಭಾವ."

ಬಂತು. ಕೆಂಪತ್ತೆಯ ಗಟ್ಟಿ ದನಿ, ಲಕ್ವ ಕಾಣದ ದನಿ. "ಪದ ಸುರು ಮಾಡ್ಲಾ ಮೊಗ?"

ಕುರ್ಚಿಯಲ್ಲಿದ್ದ ಕೆಂಪತ್ತೆ ತಲೆಯೆತ್ತಿ, ಯಾರು ಕರೆದರೆಂಬಂತೆ ಚಪ್ಪರವನ್ನೆಲ್ಲ ನೋಡಿದಳು. ಅವಳ ತುಟಿ ಅಲುಗಿತು. ಅಷ್ಟರಲ್ಲಿ ಮತ್ತೆ ನನ್ನ ದನಿ: "ತಡಿ ಅತ್ತೆ, ಇನ್ನೊಂದೇ ಮಾತು."

ಅಲ್ಲಿಗೆ ಸಿಡಿ ಮುಗಿಯಿತು. ಎಣ್ಣೆ ಉಳಿಸಿದ್ದು ಅಷ್ಟೇ.

ಯಾರೂ ಬೈಯಲಿಲ್ಲ. ಗೌರಿ ಕಣ್ಣೊರೆಸಿಕೊಂಡು, "ಇನ್ನೊಂದ್ ಸಲ ಆಕ್ಸಿ ಮಾವ" ಎಂದಳು. ಹಾಕಿಸಿದೆ. ಮೈಕ್ ಸೆಟ್ಟಿನಲ್ಲಿ ಮುಂದಕ್ಕೆ ಓಡಿಸುವ ಗುಂಡಿ ಕೆಟ್ಟಿತ್ತು. ಕೆಂಪತ್ತೆಯ ಆ ಒಂದು ಮಾತು ಕೇಳಬೇಕಾದರೆ ನನ್ನ ಭಾಷಣ ಪೂರ್ತಿ ಕೇಳಲೇಬೇಕು. ಕೇಳಿದರು. ಮತ್ತೆ ಹಾಕಿಸಿದರು, ಮತ್ತೆ ಕೇಳಿದರು. "ಪದ ಸುರು ಮಾಡ್ಲಾ ಮೊಗ" ಎಂದಾಗಲೆಲ್ಲ ಒಬ್ಬೊಬ್ಬರು ಗೌರಿಯ ಕೆನ್ನೆಗೆ ಅರಿಶಿನ ಹಚ್ಚಿದರು. ಕೆಂಪತ್ತೆ ಎಡಗೈಯಲ್ಲಿ ಹಚ್ಚಿದಳು. ಆಮೇಲೆ ಅದೇ ಕೈಯನ್ನು ನನ್ನ ಕಡೆ ಚಾಚಿದಳು, ಹೊಡೆಯುತ್ತಾಳೆಂದು ಬಗ್ಗಿದೆ. ನನ್ನ ಕೆನ್ನೆಗೂ ಹಚ್ಚಿದಳು.

ಊಟಕ್ಕೆ ಕುಳಿತಾಗ ಭಾವ ಮೆಲ್ಲಗೆ ಕೇಳಿದ: "ಅಲ್ಲ ಕಣ್ಲಾ, ಅದೇನ್ಲಾ ಆ ಇನ್ನೊಂದ್ ಮಾತು? ಅವ್ವನ್ನ ತಡಿ ಅಂದ್ಬುಟ್ಟು ಏನೇಳ್ದೆ ನೀನು?"

ಎಲೆ ಮುಂದೆ ಕುಳಿತು ಬಹಳ ಹೊತ್ತು ಯೋಚಿಸಿದೆ. ಇವತ್ತಿನವರೆಗೂ ಯೋಚಿಸಿದ್ದೇನೆ. ನೆನಪಾಗಿಲ್ಲ.