ಏನನ್ನೂ ಬಿಡದವರ ಪೆಟ್ಟಿಗೆ

ನಾನು ಸುಮ್ಮನೆ ಗೋಡೆಗೆ ಒರಗಿ ನಿಂತರೂ ಆ ಗೋಡೆಗೆ ಏನಾದರೂ ಒಂದು ಆಗಿಯೇ ತೀರುತ್ತದೆ. ಅಮ್ಮ ಇದನ್ನು ಗ್ರಹಚಾರ ಅನ್ನುತ್ತಾಳೆ. ಸ್ಕೂಲಿನವರು ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೆಲಸ ಸಿಕ್ಕಿದ್ದು

ಕ್ಲಾಸಿನಲ್ಲಿ ಬಾಯಿ ಮುಚ್ಚುವುದಿಲ್ಲ ಅಂತ ಸ್ಕೂಲು ನನ್ನನ್ನು ದಿನಾ ಹೊರಗೆ ನಿಲ್ಲಿಸುತ್ತಿತ್ತು. ಟೆಕ್ಸಸ್‌ನ ಮಿಸೌರಿ ಸಿಟಿಯ ಮನೆಯಲ್ಲಿ ಅಮ್ಮನಿಗೆ ತಲೆ ಚಿಟ್ಟು ಹಿಡಿದು, ಹ್ಯೂಸ್ಟನ್ನಿನ ಒಂದು ಯಹೂದಿ ಚರಿತ್ರೆಯ ಮ್ಯೂಸಿಯಂಗೆ ವಾಲಂಟಿಯರ್ ಅಂತ ತಂದು ಬಿಟ್ಟಳು. ಅಲ್ಲಿ ಮಕ್ಕಳ ಕಾರ್ಯಕ್ರಮ ನೋಡಿಕೊಳ್ಳುವ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಬಿಡದೆ ಮಾತಾಡೋಕೆ ಬರುತ್ತಾ?"

ನನ್ನ ರೋಗಕ್ಕೆ ಕೆಲಸ ಅಂತ ಹೆಸರಿಟ್ಟ ಮೊದಲ ಮನುಷ್ಯರು ಅವರು. ಈ ಜಾಗ ಕಳಕೊಳ್ಳಬಾರದು ಅಂತ ಅವತ್ತೇ ತೀರ್ಮಾನಿಸಿದೆ. ನನ್ನ ತೀರ್ಮಾನಗಳು ಸಾಮಾನ್ಯವಾಗಿ ಊಟದವರೆಗೆ ಇರುತ್ತವೆ.

ಬಟ್ಟೆ ವ್ಯಾಪಾರಿ

ಹಿಂದಿನ ಕಾಲದಲ್ಲಿ ಬೆನ್ನ ಮೇಲೆ ಗಂಟು ಹೊತ್ತು ಊರೂರು ತಿರುಗಿ ಬಟ್ಟೆ ಮಾರಿದ ಯಹೂದಿ ವ್ಯಾಪಾರಿಯ ಗೊಂಬೆಯೊಂದು ಅಲ್ಲಿತ್ತು. ಒಂದು ದಿನ ಗೊಂಬೆ ರಿಪೇರಿಗೆ ಹೋಗಿತ್ತು, ಅದರ ಕೋಟು ಟೋಪಿ ಖಾಲಿ ಬಿದ್ದಿದ್ದವು. ಹಾಕಿಕೊಂಡು ಅದರ ಜಾಗದಲ್ಲಿ ನಿಂತೆ. ಡಲ್ಲಾಸ್‌ನಿಂದ ಮಕ್ಕಳನ್ನು ಕರೆತಂದಿದ್ದ ಟೀಚರ್ ಹತ್ತಿರ ಬಂದು ನನ್ನ ಮೂಗು ನೋಡುತ್ತಾ, "ಎಷ್ಟು ಸಹಜವಾಗಿ ಮಾಡಿದ್ದಾರೆ!" ಅಂದರು.

"ಬಟ್ಟೆ ಎಷ್ಟು ಗಜ ಕೊಡಲಿ ಮೇಡಂ?" ಅಂದೆ.

ಅವರ ಕಿರುಚಾಟಕ್ಕೆ ಸೆಕ್ಯುರಿಟಿಯವರು ಓಡಿಬಂದರು. ನಮ್ಮ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಹೀಗಾದರೆ ಬಂದವರ ಕೋಟು ತೆಗೆದಿಡುವ ಕೌಂಟರಿಗೆ ಹಾಕ್ತೀನಿ" ಅಂದರು. ಹ್ಯೂಸ್ಟನ್ನಿನ ಸೆಕೆಯಲ್ಲಿ ಕೋಟು ಯಾರು ತರುತ್ತಾರೆ? ಬಾಯಿಗೆ ಬೀಗ ಅಂತ ಅರ್ಥ.

ಮರುವಾರ ಅದೇ ಸ್ಕೂಲಿನ ಇನ್ನೊಬ್ಬ ಟೀಚರ್ ಫೋನ್ ಮಾಡಿದರು: "ಗೊಂಬೆ ಮಾತಾಡೋ ಕಾರ್ಯಕ್ರಮ ಎಷ್ಟು ಗಂಟೆಗೆ?"

ಎರಡು ಸಿಂಕು

ಭಾನುವಾರದ ಫ್ಯಾಮಿಲಿ ಕಾರ್ಯಕ್ರಮ ನನ್ನ ಕೊನೆಯ ಪರೀಕ್ಷೆ. ನನ್ನನ್ನು ಇಲ್ಲೇ ಇಡಬೇಕೋ ಕೌಂಟರಿಗೆ ಹಾಕಬೇಕೋ ಅಂತ ನೋಡಲು ಆಸ್ಟಿನ್‌ನಿಂದ ಮ್ಯೂಸಿಯಂನ ಟ್ರಸ್ಟಿಯೊಬ್ಬರು ಬಂದಿದ್ದರು. ನನ್ನ ಅದೃಷ್ಟಕ್ಕೆ ಬಂದ ಕುಟುಂಬ ಡಲ್ಲಾಸ್ ಕಡೆಯ ಫ್ಲವರ್ ಮೌಂಡ್‌ನಲ್ಲಿರುವ ನಮ್ಮ ಪರಿಚಯದ ಹುಬ್ಬಳ್ಳಿ ಅಂಕಲ್, ಆಂಟಿ ಮತ್ತು ಅಂಕಲ್‌ರ ತಾಯಿ.

ಯಹೂದಿ ಅಡುಗೆಮನೆಯ ಮಾದರಿ ತೋರಿಸಿ, ಹಾಲಿನ ಪಾತ್ರೆಗೆ ಒಂದು ಸಿಂಕು, ಮಾಂಸದ ಪಾತ್ರೆಗೆ ಇನ್ನೊಂದು, ಬೆರೆಸುವ ಹಾಗಿಲ್ಲ ಅಂತ ವಿವರಿಸಿದೆ.

"ನಮ್ಮ ಮಡಿ-ಮುಸುರಿ ಇದ್ದಂಗ ಐತಿ," ಅಂದರು ಅಜ್ಜಿ. "ಮಾಂಸದ ಮಾತು ಬಿಡು. ಬ್ಯಾರೆ ಬ್ಯಾರೆ ಇಡ್ತಾರಲ್ಲ, ಅದು ದೊಡ್ಡದು!" ಆಮೇಲೆ ಸೊಸೆಯ ಕಡೆ ತಿರುಗಿ, "ನೋಡು, ಪರದೇಶದ ಮಂದಿ. ನೋಡಿ ಕಲಿ" ಅಂದರು.

ಆಂಟಿ ನನ್ನ ತೋಳು ಚಿವುಟಿದರು. "ನಮ್ಮನ್ಯಾಗ ಇರೂದು ಒಂದ ಸಿಂಕು. ನಿನ್ನ ಇತಿಹಾಸಕ್ಕ ಬೆಂಕಿ ಹಚ್ಚ, ಇವತ್ತಿಂದ ನನ್ನ ಗತಿ ಏನೋ?"

ಪೆಟ್ಟಿಗೆ

ಕೊನೆಯದು ಪೆಟ್ಟಿಗೆಯ ಆಟ. ಹಡಗು ಹತ್ತಿ ಟೆಕ್ಸಸ್‌ಗೆ ಬಂದವರ ಹಳೇ ಪೆಟ್ಟಿಗೆ, ಪಕ್ಕದ ಟೇಬಲ್ಲಿನ ಮೇಲೆ ಅವರ ಸಾಮಾನು: ಕೆಟಲ್, ದಿಂಬು, ರಜಾಯಿ, ಮೇಣದಬತ್ತಿ ಸ್ಟ್ಯಾಂಡು, ಮಕ್ಕಳ ಪುಟ್ಟ ಗೊಂಬೆ, ಪಿಟೀಲು. ಎಲ್ಲವೂ ಹಿಡಿಸುವುದಿಲ್ಲ. ಏನು ಬಿಡುತ್ತೀರಿ, ಯಾಕೆ ಅಂತ ಹೇಳಬೇಕು. ಇಲ್ಲಿ ಜನರ ಕಣ್ಣು ತುಂಬುತ್ತದೆ, ಅದಕ್ಕೇ ಟಿಶ್ಯೂ ಡಬ್ಬಿಯೂ ಸಿದ್ಧ. ಅಳಿಸಿದರೆ ನಾನು ಪಾಸು.

ಅಂಕಲ್ ಅಂಗಿಯ ತೋಳು ಮಡಚಿದರು. ಗೊಂಬೆ ಕೆಟಲ್ಲಿನೊಳಗೆ ಹೋಯಿತು. ಮೇಣದಬತ್ತಿ ಸ್ಟ್ಯಾಂಡು ದಿಂಬಿನ ಗವಸಿನೊಳಗೆ ಹೋಯಿತು. ಪಿಟೀಲಿನ ಸುತ್ತ ಟೇಬಲ್ ಕ್ಲಾತು. ರಜಾಯಿಯನ್ನು ಆಂಟಿಗೆ ಹೊದಿಸಿ, "ಮೈಮ್ಯಾಲಿದ್ರ ತೂಕಕ್ಕ ಬರಂಗಿಲ್ಲ" ಅಂದರು. ಮುಚ್ಚಳದ ಮೇಲೆ ಅಜ್ಜಿಯನ್ನು ಕೂರಿಸಿದರು. ಟಕ್ ಅಂತ ಚಿಲಕ ಬಿತ್ತು.

ಟೇಬಲ್ ಖಾಲಿ.

"ಆದರೆ ಏನಾದರೂ ಬಿಡಬೇಕಲ್ಲಾ..." ಅಂದರು ಮೇಡಂ.

ನಾನು ಅನುವಾದಿಸಿದೆ. "ಯಾಕ ಬಿಡಬೇಕ್ರಿ?" ಅಂದರು ಅಂಕಲ್. "ಇನ್ನೂ ಏನರೆ ಇದ್ರ ಕೊಡ್ರಿ."

ಅದನ್ನೂ ಅನುವಾದಿಸಿದ್ದೇ ತಡ, ಟ್ರಸ್ಟಿ ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಸುರಿಯಿತು, ಟಿಶ್ಯೂ ಅಂತ ಕೈಚಾಚಿದರು. ಅದೂ ಒಳಗೆ ಹೋಗಿತ್ತು. ಅಂಕಲ್ ಪೆಟ್ಟಿಗೆಗೆ ಅಡ್ಡ ನಿಂತರು: "ಈಗ ತಗದ್ರ ಮತ್ತ ಮುಚ್ಚಂಗಿಲ್ರಿ!"

ಟ್ರಸ್ಟಿ ಟೈನಲ್ಲೇ ಕಣ್ಣೊರೆಸಿಕೊಂಡರು. "ನಮ್ಮಜ್ಜಿಯೂ ಹೀಗೇ ಬಂದವಳು. ಹಳೇ ಮನೆಯ ಬಾಗಿಲಿನ ಹಿಡಿಯನ್ನೂ ಬಿಟ್ಟಿರಲಿಲ್ಲ" ಅಂದರು. ಆಮೇಲೆ ಮೇಡಂಗೆ ಹೇಳಿದರು: "ಈ ಹುಡುಗ ಕೌಂಟರಿಗೆ ಬೇಡ. ಇಲ್ಲೇ ಇರಲಿ."

"ಸರಿ, ಅಳಿಸಿದ್ದಂತೂ ನಿಜ," ಅಂತ ಮೇಡಂ ನಕ್ಕು, ಮನೆಗೆ ಹೊರಡಲು ಹ್ಯಾಂಡ್‌ಬ್ಯಾಗಿಗೆ ಕೈ ಚಾಚಿದರು. ಅದನ್ನು ಅವರು ಇಟ್ಟಿದ್ದು ಅದೇ ಟೇಬಲ್ಲಿನ ಮೇಲೆ.

ಎಲ್ಲರೂ ಅಂಕಲ್ ಮುಖ ನೋಡಿದೆವು.

"ಚಿಂತಿ ಮಾಡಬ್ಯಾಡ್ರಿ," ಅಂದರು ಅವರು. "ಎಲ್ಲಾಕ್ಕಿಂತ ತಳದಾಗ ಇಟ್ಟೀನಿ."